ಕೌಂಟರ್‌ಆಕ್ಟ್: ಉಷ್ಣ ಹನ್ನೊಂದು, ಶೀತ ಹತ್ತು

ಜುಲೈ ೯, ೧೯೩೪, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಪುಣೆಯ ಸದಾಶಿವ ಪೇಟೆಯಲ್ಲಿ, ಸೋದರಮಾವನ ಮನೆಯ ಪಡಸಾಲೆಯಲ್ಲಿ, ನನಗೆ ಒಂದು ಇಂಗ್ಲಿಷ್ ಕ್ರಿಯಾಪದದ ಪಾಠ ಸುರುವಾಯಿತು.

ಮುಂದಿನ ಸೋಮವಾರ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆಗೆ ಮೌಖಿಕ ಪರೀಕ್ಷೆ. ಪಾಸಾದರೆ ಪುಣೆ. ಇಲ್ಲದಿದ್ದರೆ ಧಾರವಾಡಕ್ಕೆ ಮರಳಿ ದೊಡ್ಡಪ್ಪನ ಕಾಳಿನ ಅಂಗಡಿಯಲ್ಲಿ ತಕ್ಕಡಿ ಹಿಡಿಯುವುದು. ಸಾಹೇಬರು ಒಬ್ಬೊಬ್ಬರಿಗೆ ಒಂದೊಂದು ಕ್ರಿಯಾಪದ ಕೊಟ್ಟು ಅರ್ಥ, ಪ್ರಯೋಗ ಕೇಳುತ್ತಾರೆಂದೂ ಅವರಿಗೆ ‘ಕೌಂಟರ್‌ಆಕ್ಟ್’ ಮೇಲೆ ವಿಶೇಷ ಪ್ರೀತಿಯೆಂದೂ ಮಾವನಿಗೆ ಸುದ್ದಿ ಸಿಕ್ಕಿತ್ತು. ಮಾವ ಇಪ್ಪತ್ತು ವರ್ಷ ಕಚೇರಿಯಲ್ಲಿ ಬೇರೆಯವರ ಇಂಗ್ಲಿಷನ್ನು ನಕಲು ಮಾಡಿದವರು. ಸ್ವಂತದ್ದನ್ನು ಬಳಸುವ ಪ್ರಸಂಗ ಬಂದಿರಲಿಲ್ಲ. ಅದು ಹೊಸದಾಗಿಯೇ ಇತ್ತು.

“ಒಂದರ ಪರಿಣಾಮನ ಇನ್ನೊಂದು ತನ್ನ ಉಲ್ಟಾ ಪರಿಣಾಮದಿಂದ ತಗ್ಗಸ್ತದ, ಇಲ್ಲಾ ಅಳಸ್ತದ. ಇಷ್ಟ ಅರ್ಥ,” ಎಂದರು ಮಾವ. “ವಿಷಾನ ಔಷಧ ಕೌಂಟರ್‌ಆಕ್ಟ್ ಮಾಡ್ತದ. ನೀ ನಿಮ್ಮ ದೊಡ್ಡಪ್ಪಗ ಎದುರಾಡಿದ್ರ ಅದು ಕೌಂಟರ್‌ಆಕ್ಟ್ ಅಲ್ಲೋ ತಮ್ಮಾ, ಬರೇ ಉದ್ಧಟತನ. ಈ ಶಬ್ದ ಮನಷಾಗ ಹಚ್ಚಬ್ಯಾಡ, ಪರಿಣಾಮಕ್ಕ ಹಚ್ಚು.”

ಅಡಿಗೆಮನೆಯಿಂದ ಮಾವನ ಹೆಂಡತಿ, ನನ್ನ ಮಾಮಿ, ಕೂಗಿದರು: “ಇಷ್ಟಕ್ಕ ಪಾಠ ಬೇಕೇನ್ರೀ? ನಾ ದಿನಾ ಒಲಿ ಮುಂದ ಮಾಡೂದ ಅದು. ಅಂವಾ ಚಹಾ ಕುಡದಾನ, ಉಷ್ಣ ಆಗ್ತದ. ತೊಗೊಳ್ಳೋ, ಮಜ್ಜಿಗಿ ಕುಡಿ.”

ಕುಡಿದೆ. ಮಳೆಗಾಲದ ಮಜ್ಜಿಗೆ ಶೀತವೆಂದು ಮಧ್ಯಾಹ್ನ ಶುಂಠಿ ಕಷಾಯ ಬಂತು. ಕಷಾಯದ ಉಷ್ಣ ಮುರಿಯಲು ಮಂಗಳವಾರ ಅಮಸೂಲಿನ ಹುಳಿ ಪಾನಕ. ಪಾನಕದ ಶೀತಕ್ಕೆ ಮೆಣಸಿನ ಸಾರು. ಸಾರಿನ ಉಷ್ಣಕ್ಕೆ ನೆನೆಸಿದ ಸಬ್ಜಾ ಬೀಜ. ಆ ವಾರ ಸುರುವಾದಾಗ ನನಗೆ ಯಾವ ಕಾಯಿಲೆಯೂ ಇರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ದಿನಕ್ಕೆ ಮೂರು ಲೋಟ, ದಿನಕ್ಕೆ ಹತ್ತು ವಾಕ್ಯ. ಎರಡನ್ನೂ ಡೈರಿಯಲ್ಲಿ ಬರೆದಿಟ್ಟೆ. ಗುರುವಾರ ಗಂಟಲು ಕಟ್ಟಿತು. ಉಷ್ಣವೆಂದು ಮಾವ, ಶೀತವೆಂದು ಮಾಮಿ. ವಾದ ಒಂದೂವರೆ ತಾಸು ನಡೆಯಿತು. ಗಂಟಲನ್ನು ಯಾರೂ ನೋಡಲಿಲ್ಲ.

ಭಾನುವಾರ ಸಂಜೆ ನಾನು ಒಂದು ಮೂರ್ಖತನ ಮಾಡಿದೆ. ಏಳು ದಿನದ ಲೆಕ್ಕ ಕೂಡಿಸಿ ಓದಿದೆ: ಉಷ್ಣ ಹನ್ನೊಂದು, ಶೀತ ಹತ್ತು.

ಮಾಮಿ ಎದೆಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯ, ಒಂದು ಉಷ್ಣ ಹಂಗ ಉಳದದಲ್ಲೋ! ಅದನ್ನ ಹೊಟ್ಯಾಗ ಇಟಗೊಂಡು ಸಾಹೇಬರ ಮುಂದ ಹೋಗ್ತೀಯೇನು?”

ಸೋಮವಾರ ಬೆಳಿಗ್ಗೆ ಏಳಕ್ಕೆ ಒಂದು ತಂಬಿಗೆ ತಣ್ಣನೆಯ ಮಜ್ಜಿಗೆ ಕುಡಿಸಿ ಲೆಕ್ಕ ಸರಿಮಾಡಿದರು. ಮಳೆಯಲ್ಲಿ ಲಕಡಿ ಪೂಲ್ ಸೇತುವೆ ದಾಟುವಷ್ಟರಲ್ಲಿ ಉಳಿದಿದ್ದ ದನಿಯೂ ಹೋಯಿತು.

ಸಾಹೇಬರು ಅದೇ ಕ್ರಿಯಾಪದ ಕೇಳಿದರು. ನನ್ನಲ್ಲಿ ಎಪ್ಪತ್ತು ವಾಕ್ಯಗಳಿದ್ದವು. ಬಾಯಿ ತೆರೆದೆ, ಸೈಕಲ್ ಟ್ಯೂಬಿನಿಂದ ಬಂದಂತೆ ಗಾಳಿ ಬಂತು. ಕಾಗದ ಎಳೆದುಕೊಂಡು ಅರ್ಥ ಬರೆದೆ, ಪ್ರಯೋಗ ಬರೆದೆ, ಮುಂದೆ ಹಿಡಿದೆ. ಅವರು ಕಣ್ಣು ಹಾಯಿಸಲಿಲ್ಲ. “ಇದು ಮೌಖಿಕ ಪರೀಕ್ಷೆ,” ಎಂದು ರಿಜಿಸ್ಟರಿನಲ್ಲಿ ‘ಉತ್ತರ ಕೊಡಲಿಲ್ಲ’ ಎಂದು ಬರೆದುಕೊಂಡರು. ಬರೆದುಕೊಳ್ಳಲು ಅವರಿಗೆ ಅಡ್ಡಿಯಿರಲಿಲ್ಲ.

ಮನೆಯಲ್ಲಿ ಮಾವ ಕೇಳಿದರು: “ಅದ ಶಬ್ದ ಬಂತಿಲ್ಲೋ?” ತಲೆ ಆಡಿಸಿದೆ. “ಅಂದಮ್ಯಾಲೆ ನನ್ನ ಪಾಠ ತಪ್ಪಿಲ್ಲ ನೋಡು.”

“ನನ್ನ ಔಷಧನೂ ತಪ್ಪಿಲ್ಲ,” ಎಂದರು ಮಾಮಿ. “ಹನ್ನೊಂದಕ್ಕ ಹನ್ನೊಂದು ಸರಿ ಹೋತು.”

ಮೂವರಲ್ಲಿ ಇಬ್ಬರು ಪಾಸು. ಬುಧವಾರ ನಾನು ಧಾರವಾಡದ ರೈಲು ಹತ್ತಿದೆ.

ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆಯಿದೆ. ದೊಡ್ಡಪ್ಪ ಇನ್ನೊಂದೇ ಸಲ ಎಂದಿದ್ದಾರೆ. ಈ ಬಾರಿ ಧರ್ಮಶಾಲೆಯಲ್ಲಿ ಇಳಿಯುತ್ತೇನೆ. ಒಂದು ಸಂಶಯ ಮಾತ್ರ ಉಳಿದಿದೆ. ಮಾವ ಹೇಳಿದ ಅರ್ಥದಂತೆ ಎರಡು ಪರಿಣಾಮಗಳು ಒಂದನ್ನೊಂದು ಅಳಿಸಿದರೆ ಏನೂ ಉಳಿಯಬಾರದು. ನನಗೆ ಹದಿನೆಂಟು ದಿನ ಕೆಮ್ಮು ಉಳಿಯಿತು. ಅಂಥ ಸಂದರ್ಭಕ್ಕೆ ಇಂಗ್ಲಿಷಿನಲ್ಲಿ ಬೇರೆ ಕ್ರಿಯಾಪದವಿದ್ದರೆ, ಬಲ್ಲವರು ದಯಮಾಡಿ ನವೆಂಬರ್ ಮುಗಿಯುವುದರೊಳಗೆ ಒಂದು ಕಾರ್ಡು ಬರೆದು ತಿಳಿಸಬೇಕು.