ಅಲ್ಲಾಡಿದ ಹಲ್ಲು

ಮದುವೆಯಾದ ಹೊಸದರಲ್ಲಿ ಉಗಾರದ ಹತ್ತಿರ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ನಮ್ಮ ಬೈಕು ಉರುಳಿತು. ನನ್ನ ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಹೋದವು. ನಿಪ್ಪಾಣಿಯ ಹಲ್ಲಿನ ಡಾಕ್ಟರು ದವಡೆಯ ಎಲುಬಿಗೆ ಸ್ಕ್ರೂ ಕೂರಿಸಿ ಹೊಸ ಹಲ್ಲು ಹಾಕಿದರು. "ಚಂದಾಗಿ ನೋಡ್ಕೊಂಡ್ರ ಭಾಳ ವರ್ಷ ಬರ್ತಾವ್ರಿ" ಅಂದರು. ಎಲುಬಿನಲ್ಲಿ ಸ್ಕ್ರೂ ಎಷ್ಟು ದಿನ ನಿಂತೀತು? ನನಗೆ ನಂಬಿಕೆ ಬರಲಿಲ್ಲ.

ಈಗ ಮಗ ಕಾಲೇಜಿಗೆ ಹೋಗುತ್ತಾನೆ. ಇಷ್ಟು ವರ್ಷವೂ ಬೆಳಿಗ್ಗೆ ಕನ್ನಡಿಯ ಮುಂದೆ ಆ ಎರಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದೇನೆ. ಪೇರಲಹಣ್ಣು ಕಚ್ಚಿಲ್ಲ. ಸುಗ್ಗಿಯಲ್ಲಿ ಮನೆಮಂದಿಯೆಲ್ಲ ಹಲ್ಲಿನಿಂದಲೇ ಕಬ್ಬು ಸುಲಿಯುವಾಗ ನಾನು ಚಾಕು ಹಿಡಿದು ಕೂಡುತ್ತಿದ್ದೆ. "ಹಲ್ಲ ಹಾಕಿಸಿದ್ದು ಫೋಟೋಕ್ಕಷ್ಟ ಏನ ಬೇ?" ಎಂದು ಅತ್ತೆ ಕಾಡುತ್ತಿದ್ದರು.

ಕಳೆದ ತಿಂಗಳು ರೊಟ್ಟಿ ಬಾಯಿಗಿಟ್ಟಾಗ ಮುಂದೆ ಏನೋ ಅಲ್ಲಾಡಿತು, ರಕ್ತವೂ ಬಂತು. ನಾನು ಅಂದುಕೊಂಡದ್ದೇ ಆಯಿತು ಎಂದು ನಿಪ್ಪಾಣಿಗೆ ಓಡಿದೆ.

ಡಾಕ್ಟರು ಎಕ್ಸ್‌ರೇ ತೆಗೆದರು, ಕಡ್ಡಿಯಿಂದ ಮುಂದಿನ ಹಲ್ಲುಗಳನ್ನು ಒಂದೊಂದಾಗಿ ಕುಟ್ಟಿದರು.

"ನಾ ಹಾಕಿದ್ವು ಕಲ್ಲಿನಂಗ ಅದಾವ್ರಿ ಅಕ್ಕಾರ. ಅಲ್ಲಾಡಾಕತ್ತಿದ್ದು ಬಾಜೂದ್ದು, ನಿಮ್ಮ ಸ್ವಂತದ್ದು. ಬುಡಕ ಪಾಚಿ ಕಟ್ಟೈತಿ. ಇದನ್ನ ತಿಕ್ಕೋದ ಮರತಿದ್ರೇನು?"

ಮರೆತಿರಲಿಲ್ಲ. ಆದರೆ ನನ್ನ ಕಣ್ಣೆಲ್ಲ ಆ ಎರಡರ ಮೇಲೇ ಇತ್ತು. ಬಾಲ್ಯದಿಂದ ಜೊತೆಗಿದ್ದದ್ದನ್ನು ಯಾರು ಸಂಶಯದಿಂದ ನೋಡುತ್ತಾರೆ?

ಸ್ವಚ್ಛ ಮಾಡಿದರೆ ಉಳಿಯುತ್ತದೆ ಎಂದು ಅವರು ಕೈಗವಸು ಕಳಚತೊಡಗಿದರು. ನಾನು ಕುರ್ಚಿಯಿಂದ ಏಳಲಿಲ್ಲ.

"ಹಿಂದಿನವನ್ನೂ ಕುಟ್ಟಿ ನೋಡ್ರಿ" ಎಂದು ಮತ್ತೆ ಬಾಯಿ ತೆರೆದೆ.