ಬುಟಿತ್‌ಳ ದೊಡ್ಡಿಗೆ ಬಿದ್ದ ಹಿಮಚಿರತೆ

ಸ್ಪಿತಿ ಕಣಿವೆಗೆ ಸೊಸೆಯಾಗಿ ಬಂದ ಇಪ್ಪತ್ತು ವರ್ಷಗಳಲ್ಲಿ ಬುಟಿತ್ ಒಂದು ಚಳಿಗಾಲವೂ ತವರು ಕಂಡವಳಲ್ಲ. ಹಿಮ ಬಿದ್ದರೆ ಬೆಟ್ಟದ ಏಣಿನಾಚೆಯ ಆ ಊರಿಗೆ ದಾರಿಯೇ ಇಲ್ಲ. ಆ ದಿನಗಳಲ್ಲಿ ಹಿಮಚಿರತೆ ನೋಡಬಂದು ಮನೆಯಲ್ಲಿ ತಂಗುವವರಿಗೆ ಬೇಯಿಸಿ ಬಡಿಸುವುದೇ ಅವಳ ಕೆಲಸ.

ಇಂದು ಚಿರತೆ ಅವಳ ದೊಡ್ಡಿಯಲ್ಲೇ ಇತ್ತು. ಮಾಡಿನ ಕಿಂಡಿಯಿಂದ ಧುಮುಕಿ, ನಾಲ್ಕು ಆಡು ಕೊಂದು, ಮರಳಿ ಹಾರಲಾರದೆ ಮುದುಡಿತ್ತು. ದೊಡ್ಡಿಯ ಬಾಗಿಲು ತೆರೆದಿಟ್ಟರೂ ಸುತ್ತ ನೆರೆದ ಜನರಿಗೆ ಹೆದರಿ ಅಲುಗಲಿಲ್ಲ.

“ಅಮ್ಮಾ, ಇನ್ನೊಂದೇ ಫೋಟೋ,” ಎಂದ ಅತಿಥಿ.

“ಕಲ್ಲೆತ್ತಿ ಹಾಕ್ಲಾ ಅತ್ತಿಗೆ?” ಎಂದ ಮೈದುನ ಛೆವಾಂಗ್.

“ಸತ್ತಿದ್ದು ನನ್ನ ಆಡು, ನಿನಗ್ಯಾಕೋ ಪೌರುಷ? ಚಹಾ ಆರ್ತಿದೆ, ಎಲ್ರೂ ಒಳಗೆ ನಡೀರಿ!”

ಎಲ್ಲರೂ ಒಳಹೋದದ್ದೇ ಬುಟಿತ್ ಹೊರಗಿನಿಂದ ಮನೆಬಾಗಿಲ ಚಿಲಕ ಜಡಿದು, ಬೆರಣಿರಾಶಿಯ ಹಿಂದೆ ಕುಳಿತಳು. ಚಿರತೆ ಮೆಲ್ಲನೆ ಹೊರಬಂದು, ಅವಳ ತವರಿನ ದಿಕ್ಕಿನ ಏಣು ಹತ್ತತೊಡಗಿತು.

“ಅತ್ತಿಗೆ, ಬಾಗಿಲು ತೆಗಿ!” ಛೆವಾಂಗ್ ಒಳಗಿನಿಂದ ಬಡಿಯುತ್ತಲೇ ಇದ್ದ.

ಅದು ಏಣು ದಾಟುವವರೆಗೂ ಅವಳು ಏಳಲಿಲ್ಲ.