ಹೆಂಡತಿ ಗೆಲ್ಲುತ್ತಿರುವಾಗ ಮಾತಾಡಬಾರದು

ಕೆಂಡ್ರಿಕ್ ಫಾಲ್ಸ್‌ನಲ್ಲಿ ಎಲ್ಡನ್ ಹ್ರೂಸ್ಕಾನ ರಾಜಕೀಯ ಎಲ್ಲರಿಗೂ ಗೊತ್ತಿತ್ತು. ಅವನಿಗೆ ಪಕ್ಷವಿರಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಬೇಸ್‌ಬಾಲ್ ಶುರುವಾಗುವ ದಿನ, ಊರಿನ ತಂಡವಾದ ನೀರುನಾಯಿಗಳ ಮೈದಾನಕ್ಕೆ ಯಾರಾದರೊಬ್ಬ ದೊಡ್ಡ ಮನುಷ್ಯ ಬಂದು ಮೊದಲ ಚೆಂಡು ಎಸೆಯುವುದು ವಾಡಿಕೆ. ಚೆಂಡು ನೆಟ್ಟಗೆ ಹೋಗಿ ಕೈಗವಸಿಗೆ ಬಿದ್ದರೆ ಎಲ್ಡನ್ ಆ ಮನುಷ್ಯನಿಗೆ ವೋಟು ಹಾಕುತ್ತಿದ್ದ. ನೆಲಕ್ಕೆ ಪುಟಿದರೆ ಇಲ್ಲ. ಹದಿನಾಲ್ಕು ವರ್ಷದ ಹಿಂದೆ ಒಬ್ಬ ಗವರ್ನರ್ ಎಸೆದ ಚೆಂಡು ಎರಡು ಸಲ ಪುಟಿದು ಬ್ಯಾಂಡಿನವರ ಡೋಲಿಗೆ ಬಡಿದಿತ್ತು. ಆತ ಆಮೇಲೆ ಸೇತುವೆ ಕಟ್ಟಿಸಿದ, ಆಸ್ಪತ್ರೆ ತೆರೆಸಿದ. ಎಲ್ಡನ್ ಕ್ಷಮಿಸಲಿಲ್ಲ. "ಅರವತ್ತು ಅಡಿ ನೆಟ್ಟಗೆ ಎಸೆಯಕ್ಕೆ ಬರದೋನು ರಾಜ್ಯ ಏನ್ ನೆಟ್ಟಗೆ ನಡೆಸ್ತಾನೆ?" ಎನ್ನುತ್ತಿದ್ದ. ಆ ಸೇತುವೆಯ ಮೇಲೇ ದಿನವೂ ಕೆಲಸಕ್ಕೆ ಹೋಗಿ ಬರುತ್ತಿದ್ದ.

ಅವನ ಕೆಲಸ ಜೋಳದ ಗೋದಾಮಿನಲ್ಲಿ ಲಾರಿ ತೂಗುವುದು. ಉಳಿದ ಹೊತ್ತೆಲ್ಲ ಬೇಸ್‌ಬಾಲಿನದು. ಊರಿನ ಒಂದೇ ಒಂದು ಚಿತ್ರಮಂದಿರಕ್ಕೆ ಆ ಆಟದ ಸಿನಿಮಾ ಬಂದರೆ ಮ್ಯಾನೇಜರು ಅವನಿಗೆ ಬೇಕೆಂದೇ ಕೊನೆಯ ಸಾಲು ಕೊಡುತ್ತಿದ್ದ. ತೆರೆಯ ಮೇಲೆ ನಾಯಕ ಚೆಂಡನ್ನು ಬೇಲಿಯಾಚೆ ಬಾರಿಸಿ, ಮುನಿಸಿಕೊಂಡಿದ್ದ ಅಪ್ಪ ಓಡಿಬಂದು ತಬ್ಬಿಕೊಂಡು, ಜನವೆಲ್ಲ ಮೂಗು ಒರೆಸಿಕೊಳ್ಳುತ್ತಿರುವಾಗ ಎಲ್ಡನ್ ಎದ್ದು ನಿಂತು, "ಆ ಕಾಲದಲ್ಲಿ ಅಂಥ ಕೈಗವಸು ಎಲ್ಲಿತ್ತ್ರೀ?" ಎಂದು ಕೇಳಿದ್ದುಂಟು. ಕೇಳಿ, ಕೂತು, ಆಮೇಲೆ ಎಲ್ಲರಿಗಿಂತ ಜೋರಾಗಿ ಅತ್ತದ್ದೂ ಉಂಟು.

ಇಂಥವನ ಜೊತೆ ಮೂವತ್ತೊಂದು ವರ್ಷ ಬಾಳಿದ ವರ್ನಾ ಆ ಶರತ್ಕಾಲದಲ್ಲಿ ಪುರಸಭೆಗೆ ನಿಂತಳು. ಕಾರಣ ಸಣ್ಣದು. ಶನಿವಾರ ಲೈಬ್ರರಿ ಮುಚ್ಚಿ, ಉಳಿದ ದುಡ್ಡಿನಲ್ಲಿ ಮೈದಾನಕ್ಕೆ ದೀಪ ಮಿನುಗುವ ಹೊಸ ಸ್ಕೋರ್‌ಬೋರ್ಡು ಹಾಕಿಸುವುದೆಂದು ಸಭೆ ಗೊತ್ತುಮಾಡಿತ್ತು. ಅದು ಟ್ರ್ಯಾಕ್ಟರ್ ಮಾರುವ ಗ್ಯಾರಿಸನ್ ಟಿಬೆಟ್ಸ್‌ನ ಯೋಜನೆ. ಮೂರು ಸಲ ಗೆದ್ದ ಸದಸ್ಯ, ವರ್ನಾಳ ಎದುರಾಳಿ. ಸಾಲದ್ದಕ್ಕೆ, ಏಪ್ರಿಲ್‌ನಲ್ಲಿ ಅವನೆಸೆದ ಮೊದಲ ಚೆಂಡು ದಾರ ಎಳೆದ ಹಾಗೆ ನೆಟ್ಟಗೆ ಹೋಗಿತ್ತು. ಎಲ್ಡನ್ ಎದ್ದು ನಿಂತು ಚಪ್ಪಾಳೆ ತಟ್ಟಿದ್ದ. ಈಗ ಆ ಚಪ್ಪಾಳೆಯನ್ನು ನೆನೆದು ಒಳಗೊಳಗೇ ಇರುಸುಮುರುಸಾಗುತ್ತಿತ್ತು. ಆದರೂ ವೋಟು ಹೆಂಡತಿಗೇ ಎಂದು ತೀರ್ಮಾನಿಸಿದ. ನಲವತ್ತು ವರ್ಷದ ತತ್ವವನ್ನು ಅವನು ಬಿಟ್ಟದ್ದು ಹೀಗೆ, ಯಾರಿಗೂ ಹೇಳದೆ.

ಪ್ರಚಾರದ ಕಾರ್ಡುಗಳು ಅಚ್ಚಾಗಿ ಬಂದಾಗ ವರ್ನಾ ಅತ್ತೇಬಿಟ್ಟಳು. ಅವಳ ಫೋಟೋ ಪಕ್ಕಕ್ಕೆ ಸರಿದು ಒಂದು ಕಿವಿಯೂ ಅರ್ಧ ಕೆನ್ನೆಯೂ ಹಾರಿಹೋಗಿದ್ದವು.

"ಅಳ್ತೀಯಲ್ಲೇ ಹುಚ್ಚಿ! ತಪ್ಪು ಅಚ್ಚಾದ ಕಾರ್ಡು ಕಣೇ ಇದು. ಬೆಲೆ ಇರೋದೇ ಇಂಥದಕ್ಕೆ!"

"ನನ್ನ ಕಿವಿ ಎಲ್ಲೋ ಎಲ್ಡನ್?"

"ಕಿವಿ ಇಲ್ದಿರೋದೇ ಅದರ ಗಮ್ಮತ್ತು."

ಒಂದನ್ನು ಅಂಚಿನಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿದ. ಬೀರುವಿನಲ್ಲಿ ಅವನು ಕೂಡಿಟ್ಟಿದ್ದ ಬೇಸ್‌ಬಾಲ್ ಫೋಟೋ ಕಾರ್ಡುಗಳ ನಾಲ್ಕು ಸಾವಿರ ಆಟಗಾರರ ನಡುವೆ ಅವಳಿಗೂ ಜಾಗವಾಯಿತು. ಅವರ ಮದುವೆಯ ಫೋಟೋಗೆ ಆ ಮರ್ಯಾದೆ ಸಿಕ್ಕಿರಲಿಲ್ಲ. ಮತ್ತೆ ಅಚ್ಚಾಗಿ ಬಂದ ಸರಿಯಾದ ಕಾರ್ಡುಗಳನ್ನೂ ಹಂಚಲು ಅವನ ಕೈ ಬರಲಿಲ್ಲ. ಜನ ಮೂಲೆ ಮಡಚುತ್ತಾರೆ.

ಸೆಪ್ಟೆಂಬರಿನ ಮೊದಲ ಶನಿವಾರ ವರ್ನಾ ಒಬ್ಬಳೇ ಮೇಪಲ್ ಬೀದಿಗೆ ಹೋಗಿ, ಮಧ್ಯಾಹ್ನ ಕೆನ್ನೆ ಕೆಂಪಾಗಿಸಿಕೊಂಡು ಬಂದಳು. "ಇಪ್ಪತ್ತಮೂರು ಮನೆ ಎಲ್ಡನ್! ಒಬ್ರೂ ಆಗಲ್ಲ ಅನ್ಲಿಲ್ಲ!"

ಎಲ್ಡನ್‌ನ ಕೈಯಲ್ಲಿದ್ದ ಫೋರ್ಕು ಅಲ್ಲೇ ನಿಂತಿತು.

ಬೇಸ್‌ಬಾಲಿನಲ್ಲಿ ಕೆಲವು ಸಲ, ಯಾವ ಪುಣ್ಯಕ್ಕೋ, ಒಬ್ಬ ಎಸೆತಗಾರನ ಚೆಂಡು ಯಾರ ದಾಂಡಿಗೂ ದಕ್ಕುವುದಿಲ್ಲ. ಒಂದು ಇನ್ನಿಂಗ್ಸ್ ಕಳೆಯುತ್ತದೆ, ಐದು ಕಳೆಯುತ್ತವೆ, ಒಂದೂ ಹೊಡೆತವಿಲ್ಲ. ಆಗ ಅವನ ಜೊತೆಯವರು ಅವನ ಪಕ್ಕದಲ್ಲಿ ಕೂರುವುದಿಲ್ಲ. ಅವನೊಡನೆ ಮಾತಾಡುವುದಿಲ್ಲ. ಬೆಂಚಿನ ಒಂದು ತುದಿಯಲ್ಲಿ ಅವನೊಬ್ಬನನ್ನೇ ಬಿಟ್ಟು ಎಲ್ಲರೂ ಇನ್ನೊಂದು ತುದಿಗೆ ಸರಿದು, ಅವನು ಇಲ್ಲವೇ ಇಲ್ಲವೆಂಬಂತೆ ಇರುತ್ತಾರೆ. ಬಾಯಿಬಿಟ್ಟು ಹೇಳಿದರೆ ಸಾಕು, ಆ ಅದೃಷ್ಟ ಮುರಿದುಬೀಳುತ್ತದೆ. ಇದು ಎಲ್ಡನ್‌ಗೆ ಬೈಬಲ್ಲಿಗಿಂತ ಚೆನ್ನಾಗಿ ಗೊತ್ತಿತ್ತು.

ಅವನು ತಟ್ಟೆ ಎತ್ತಿಕೊಂಡು ಮೇಜಿನ ಆ ತುದಿಗೆ ಹೋಗಿ ಕೂತ.

ಅಂದಿನಿಂದ ಆರು ವಾರ ಚುನಾವಣೆಯ ಬಗ್ಗೆ ಒಂದು ಮಾತಿಲ್ಲ. ಆಮೇಲೆ, ಯಾಕೆ ಬೇಕು ಎಂದು, ಬೇರೆ ಮಾತೂ ಇಲ್ಲ. ಆ ಶನಿವಾರ ತೊಟ್ಟಿದ್ದ ಕಂದು ಕಾಲುಚೀಲವನ್ನೇ ಪ್ರತಿ ಶನಿವಾರ ಒಗೆಯದೆ ತೊಟ್ಟ. ಮನೆಯ ಮುಂದಿನ ಹುಲ್ಲಿನಲ್ಲಿ ನೆಟ್ಟಿದ್ದ 'ವರ್ನಾಳಿಗೆ ಮತ ನೀಡಿ' ಹಲಗೆಯನ್ನು ಮುಂಜಾನೆ ಕಿತ್ತು ಗ್ಯಾರೇಜಿನಲ್ಲಿಟ್ಟ. ಅಷ್ಟು ಬಾಯಿಬಿಟ್ಟು ಯಾರಾದರೂ ಹೇಳುತ್ತಾರೆಯೆ? ಶನಿವಾರ ಅವಳು ಬಾಗಿಲಿಂದ ಒಳಬರುತ್ತಲೇ ಅವನು ಹಿತ್ತಲ ಬಾಗಿಲಿಂದ ಹೊರಗೆ. ಕೇಳಬೇಕೆಂದು ನಾಲಿಗೆ ತುರಿಸುತ್ತಿತ್ತು. ಪಕ್ಕದಲ್ಲಿ ಕೂರಬೇಕೆಂದು ಮೈಯೆಲ್ಲ ಅನ್ನಿಸುತ್ತಿತ್ತು. ಇಷ್ಟು ಪ್ರೀತಿಯನ್ನು ಅವನು ಆವರೆಗೆ ಯಾವುದರಲ್ಲೂ ಅದುಮಿಟ್ಟುಕೊಂಡಿರಲಿಲ್ಲ. ದಿನದಿಂದ ದಿನಕ್ಕೆ ವರ್ನಾಳ ತುಟಿ ಬಿಗಿಯುತ್ತ ಬಂತು, ಕಣ್ಣು ಎಲ್ಲೋ ದೂರ ನೆಟ್ಟಿರುತ್ತಿತ್ತು. ಒಂದೂ ಹೊಡೆತವಿಲ್ಲದೆ ಏಳನೆಯ ಇನ್ನಿಂಗ್ಸಿಗೆ ಬಂದ ಎಸೆತಗಾರನ ಮುಖ ಹೀಗೇ ಇರಬೇಕೆಂದು ಎಲ್ಡನ್ ಖುಷಿಪಟ್ಟ.

ಕ್ಷೌರದಂಗಡಿಯ ಡೆಲ್ಬರ್ಟ್ ಅವನ ಕತ್ತಿಗೆ ಬಟ್ಟೆ ಕಟ್ಟುತ್ತ ಕೇಳಿದ. "ಏನಯ್ಯಾ, ಮನೇಲಿ ಮಹಾಯುದ್ಧವಂತೆ?"

"ಯಾರಂದ್ರು?"

"ಯಾರು ಅನ್ನಲ್ಲ ಕೇಳು. ಹೆಂಡ್ತಿ ಹಲಗೇನ ನೀನೇ ಕಿತ್ತಾಕಿದೀಯಂತೆ. ಅವಳನ್ನ ಕಂಡ್ರೆ ಓಡ್ತೀಯಂತೆ. ಅಲ್ಲಯ್ಯಾ, ಒಂದು ಸ್ಕೋರ್‌ಬೋರ್ಡಿಗೆ ಸಂಸಾರ ಬಿಡ್ತಾರಾ?"

ವಿವರಿಸಬೇಕಾದರೆ ಅದನ್ನು ಬಾಯಲ್ಲಿ ಹೇಳಬೇಕು. "ಕಿವಿ ಹತ್ರ ಹುಷಾರು," ಎಂದಷ್ಟೇ ಹೇಳಿ ಎಲ್ಡನ್ ಕಣ್ಣು ಮುಚ್ಚಿಕೊಂಡ.

ಅಕ್ಟೋಬರಿನ ಒಂದು ಗುರುವಾರ ಸಂಜೆ ಹೈಸ್ಕೂಲಿನ ಜಿಮ್‌ನಲ್ಲಿ ಅಭ್ಯರ್ಥಿಗಳ ಸಭೆ ಸೇರಿತು. ಮಡಚುವ ಕುರ್ಚಿಗಳು, ಚರ್ಚಿನವರ ಕಾಫಿ, ಒಂದೇ ಒಂದು ಮೈಕು. ಎಲ್ಡನ್ ಕೊನೆಯ ಸಾಲಿನಲ್ಲಿ, ಬೆರಳು ಮಡಚಿ ಬಿಚ್ಚಿ, ಅಂದೂ ತೊಟ್ಟುಬಂದಿದ್ದ ಆ ಕಂದು ಕಾಲುಚೀಲವನ್ನು ನಂಬಿಕೊಂಡು ಕೂತಿದ್ದ. ವರ್ನಾ ಶನಿವಾರಗಳ ಬಗ್ಗೆ ಚೆನ್ನಾಗಿಯೇ ಮಾತಾಡಿದಳು. ವಾರವಿಡೀ ದುಡಿದು ಶನಿವಾರ ಮಾತ್ರ ಮಕ್ಕಳ ಕೈಹಿಡಿದು ಲೈಬ್ರರಿಗೆ ಬರುವವರ ಹೆಸರು ಹೇಳಿ ಹೇಳಿ ಲೆಕ್ಕಕೊಟ್ಟಳು. ಟಿಬೆಟ್ಸ್ ನಗುತ್ತ ಮೈಕು ಎಳೆದುಕೊಂಡ.

"ವರ್ನಾ ಒಳ್ಳೇ ಹೆಂಗಸು. ನಮ್ಮೂರಿನ ಮನಸ್ಸು ಗೆಲ್ತೀನಿ ಅಂತಾರೆ. ಆದ್ರೆ ಅವರ ಅಡುಗೆಮನೆ ಮತವೇ ಇನ್ನೂ ಗೊತ್ತಾದಂಗಿಲ್ಲವಲ್ಲ! ಎಲ್ಡನ್, ಎಲ್ಲಿದೀಯಪ್ಪಾ? ಸ್ಕೋರ್‌ಬೋರ್ಡು ಬೇಕೋ ಬೇಡ್ವೋ?"

ಜಿಮ್ ಗೊಳ್ಳೆಂದು ನಕ್ಕಿತು. ವರ್ನಾ ಮುಂದಿದ್ದ ಕಾಗದಗಳನ್ನು ಜೋಡಿಸಿದಳು, ಮತ್ತೆ ಜೋಡಿಸಿದಳು. ಅವಳ ಕಿವಿಗಳೆರಡೂ ಕೆಂಪಾದದ್ದು ಕೊನೆಯ ಸಾಲಿಗೂ ಕಂಡಿತು. ಎಲ್ಡನ್‌ಗೆ ಆ ಮುಖ ಗುರುತು ಸಿಕ್ಕಿತು. ಯಾರಿಗೂ ದಕ್ಕದೆ ಎಸೆಯುತ್ತಿರುವವನ ಮುಖ ಅದಾಗಿರಲಿಲ್ಲ. ಎಲ್ಲ ಚೆಂಡನ್ನೂ ಬಾರಿಸಿಕೊಳ್ಳುತ್ತ, ಮೈದಾನದ ನಡುವೆ ಒಂಟಿಯಾಗಿ ನಿಂತವನದು.

ಹಾಗೆ ನಿಂತವನನ್ನು ಯಾರೂ ಒಂಟಿ ಬಿಡುವುದಿಲ್ಲ. ಆಟ ನಿಲ್ಲಿಸಿ ಅವನ ಬಳಿ ನಡೆದುಹೋಗುತ್ತಾರೆ.

ಎಲ್ಡನ್ ಎದ್ದ. ಕುರ್ಚಿಗಳ ನಡುವಿನ ದಾರಿಯಲ್ಲಿ ಓಡದೆ, ಅವಸರಪಡದೆ ನಡೆದ. ವೇದಿಕೆ ಹತ್ತಿ, ಟೋಪಿ ತೆಗೆದು, ಎದುರಾಳಿ ತುಟಿ ಓದಬಾರದೆಂದು ಅದನ್ನು ಬಾಯಿಗೆ ಅಡ್ಡ ಹಿಡಿದು ಹೆಂಡತಿಯ ಪಕ್ಕ ಬಗ್ಗಿದ. ಸಭೆ ನಡೆಸುತ್ತಿದ್ದ ಹೈಸ್ಕೂಲಿನ ಮೇಡಂ ಗಡಿಯಾರ ನೋಡಿಕೊಂಡರು. ಇದಕ್ಕೆ ನಿಯಮ ಇರಲಿಲ್ಲ.

"ಯಾವಾಗಿಂದ ಹೀಗೆ?" ಎಂದು ಪಿಸುಗುಟ್ಟಿದ.

"ಎರಡನೇ ಶನಿವಾರದಿಂದ. ಓಕ್ ಬೀದೀಲಿ ಮುಖಕ್ಕೇ ಬಾಗಿಲು ಹಾಕಿದ್ರು."

"ಐದು ವಾರ! ಹೇಳ್ಬಾರ್ದಿತ್ತಾ?"

"ಯಾರಿಗೆ ಹೇಳ್ಲಿ? ಹಿತ್ತಲ ಬಾಗಿಲಿಗಾ?"

ಎಲ್ಡನ್ ಟೋಪಿಯನ್ನು ಇನ್ನಷ್ಟು ಹತ್ತಿರ ಹಿಡಿದ. "ನೀನು ಗೆಲ್ತಿದೀಯ ಅನ್ಕೊಂಡಿದ್ದೆ ಕಣೇ. ಮಾತಾಡಿದ್ರೆ ಎಲ್ಲಿ ಮುರೀತದೋ ಅಂತ..."

"ಗೊತ್ತು ನನಗೆ. ಮೂವತ್ತೊಂದು ವರ್ಷ ಆಯ್ತು, ಅಷ್ಟೂ ಗೊತ್ತಾಗಲ್ವಾ? ಮೊದಲನೇ ವಾರ ನಗು ಬಂತು. ಆಮೇಲೆ ಬರಲಿಲ್ಲ."

"ಈಗೇನ್ ಮಾಡೋಣ?"

"ಊಟಕ್ಕೆ ಏನಿದೆ?"

"ನಿನ್ನೇದೇ ಸೂಪು. ಬಿಸಿ ಮಾಡ್ಬೇಕು."

"ಮಾಡು," ಎಂದಳು ವರ್ನಾ. ಮೈಕು ತನ್ನ ಕಡೆಗೆ ತಿರುಗಿಸಿಕೊಂಡಳು.

"ಟಿಬೆಟ್ಸ್ ಅವರೇ, ನನ್ನ ಗಂಡನಿಗೆ ಸ್ಕೋರ್‌ಬೋರ್ಡು ಬೇಕು. ನನಗೆ ಶನಿವಾರ ಬೇಕು. ನಮ್ಮ ಮನೇಲಿರೋದು ಒಂದೇ ಬಚ್ಚಲು. ಮೂವತ್ತೊಂದು ವರ್ಷದಿಂದ ಅದರಲ್ಲೇ ಹೊಂದ್ಕೊಂಡಿದೀವಿ. ಊರಿಗೂ ಹಾಗೇ ಒಂದು ದಾರಿ ಹುಡುಕ್ತೀನಿ."

ಈ ಸಲದ ನಗು ಬೇರೆ ಥರದ್ದಿತ್ತು. ಟಿಬೆಟ್ಸ್ ಕೂಡ ನಕ್ಕ, ಒಂದಿಷ್ಟು ತಡವಾಗಿ. ಎಲ್ಡನ್ ತನ್ನ ಜಾಗಕ್ಕೆ ಹಿಂದಿರುಗಲಿಲ್ಲ. ವೇದಿಕೆಯ ಮೆಟ್ಟಿಲ ಮೇಲೇ ಕೂತ.

ಉಳಿದ ಎರಡು ವಾರ ಅವನು ಜೊತೆಯಲ್ಲೇ ತಿರುಗಿದ. ಕಾರ್ಡು ಹಂಚಿದ, ಮೂಲೆ ಮಡಚಿದವರನ್ನು ಮಾತ್ರ ಒಂದು ಸಲ ದುರುಗುಟ್ಟಿ ನೋಡುತ್ತಿದ್ದ. ಹಲಗೆ ಮತ್ತೆ ಹುಲ್ಲಿಗೆ ಬಂತು. ಕಾಲುಚೀಲ ಒಗೆಯಲು ಬಿತ್ತು.

ವರ್ನಾ ಐವತ್ತೆರಡು ವೋಟುಗಳಿಂದ ಸೋತಳು. ಬುಧವಾರ ಬೆಳಿಗ್ಗೆ ಪತ್ರಿಕೆ ಮಡಚಿಟ್ಟು, ರೊಟ್ಟಿಗೆ ಬೆಣ್ಣೆ ಸವರುತ್ತ, ಮತ್ತೆ ಮೇಜಿನ ಆ ತುದಿಗೆ ಹೋಗಿ ಕೂತಿದ್ದ ಗಂಡನ ಮುಖ ನೋಡಿದಳು. ನೀರುನಾಯಿಗಳು ಸೋತ ಮಾರನೆಯ ದಿನದ ಮುಖ ಅದು.

"ವೇದಿಕೆ ಹತ್ತಿ ಬಾಯ್ಬಿಟ್ಟಿದ್ದಕ್ಕೇ ಸೋತೆ ಅಂತ ತಾನೇ ಯೋಚ್ನೆ?"

ನಲವತ್ತು ವರ್ಷ ಆ ತಂಡದ ಒಂದೊಂದು ಸೋಲಿಗೂ ಎಲ್ಡನ್ ಬಳಿ ಕಾರಣವಿತ್ತು: ಯಾರೋ ಟೋಪಿ ಒಗೆದಿದ್ದರು, ಯಾರೋ ಬೇರೆ ಕುರ್ಚಿಯಲ್ಲಿ ಕೂತಿದ್ದರು, ಯಾರೋ ಹೇಳಬಾರದ್ದನ್ನು ಹೇಳಿದ್ದರು. ಅವೆಲ್ಲ ಈಗಲೂ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತವು.

"ಇಲ್ಲ," ಎಂದ ಕೊನೆಗೆ. "ರೈಲು ಹಳಿ ಆಚೆಯೋರು ನಿನಗೆ ವೋಟು ಹಾಕ್ಲಿಲ್ಲ. ಅಷ್ಟೇ. ಆ ಕಡೆ ನೀನು ಸರಿಯಾಗಿ ಹೋಗೇ ಇಲ್ಲ."

"ಒಂದೇ ಸಲ ಹೋಗಿದ್ದೆ. ನಾಯಿಗಳಿದ್ವು. ಒಬ್ಬಳೇ ಮತ್ತೆ ಹೋಗಕ್ಕೆ ಭಯ ಆಯ್ತು."

ಎಲ್ಡನ್ ರೊಟ್ಟಿ ಕೆಳಗಿಟ್ಟ. ತಟ್ಟೆಯನ್ನು ಎತ್ತಿಕೊಂಡು ಮೇಜಿನ ಈ ತುದಿಗೆ ಬಂದು, ಅವಳ ಪಕ್ಕದ ಕುರ್ಚಿ ಎಳೆದು ಕೂತ.

"ಮುಂದಿನ ಚುನಾವಣೆ ಯಾವಾಗ?"

"ಎರಡು ವರ್ಷಕ್ಕೆ."

ಕಿಸೆಯಿಂದ ಪೆನ್ಸಿಲು ತೆಗೆದು, ಪತ್ರಿಕೆಯ ಖಾಲಿ ಅಂಚಿನಲ್ಲಿ ರೈಲು ಹಳಿಯಂಥ ಒಂದು ಗೆರೆ ಎಳೆದ.

"ಯಾವ ಯಾವ ಮನೇಲಿ ನಾಯಿ ಇವೆ, ಹೇಳು."